ಪ್ರಾಜೆಕ್ಟ್ ಮಾಡಿಸೋದನ್ನ ಮೇಷ್ಟ್ರು ಕಲಿಯೋದು ಹೇಗೆ?

(ದೃಶ್ಯ: ಮೇಜಿನ ಮೇಲೆ ಥರ್ಮಾಕೋಲ್ ಜ್ವಾಲಾಮುಖಿ, ಪಕ್ಕದಲ್ಲಿ ಬಣ್ಣದ ಚಾರ್ಟ್)

ನಮಸ್ಕಾರ. ಈ ಜ್ವಾಲಾಮುಖಿಯನ್ನ ನೀವೂ ನೋಡಿರುತ್ತೀರಿ. ಭಾನುವಾರ ರಾತ್ರಿ ಅಪ್ಪ ಕತ್ತರಿಸುತ್ತಾರೆ, ಅಮ್ಮ ಬಣ್ಣ ಹಚ್ಚುತ್ತಾರೆ, ಸೈಬರ್ ಸೆಂಟರ್‌ನಲ್ಲಿ ನಾಲ್ಕು ಪುಟ ಪ್ರಿಂಟ್ ಆಗುತ್ತದೆ. ಸೋಮವಾರ ಮಗು ಹೊತ್ತುಕೊಂಡು ಹೋಗುತ್ತದೆ. ಅಂಕವೂ ಸಿಗುತ್ತದೆ. ಆದರೆ ಮಗು ಕಲಿತದ್ದೇನು?

ಇದಕ್ಕೆ ಮೇಷ್ಟ್ರನ್ನ ಬೈಯೋದು ಸರಿಯಲ್ಲ. 1918ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಕಿಲ್‌ಪ್ಯಾಟ್ರಿಕ್, ಮಕ್ಕಳು ಒಂದು ಕೆಲಸವನ್ನ ತಾವೇ ಮಾಡುತ್ತ ಕಲಿಯುವ ಪ್ರಾಜೆಕ್ಟ್ ವಿಧಾನದ ಬಗ್ಗೆ ಲೇಖನ ಬರೆದರು. 1937ರಲ್ಲಿ ಗಾಂಧೀಜಿ ಕೈಕೆಲಸದ ಮೂಲಕವೇ ಪಾಠ ಹೇಳುವ ನಯೀ ತಾಲೀಮನ್ನ ಮುಂದಿಟ್ಟರು. ಬಿ.ಎಡ್. ಓದುವಾಗ ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದಿರುತ್ತೇವೆ. ಮಾಡಿ ನೋಡಿರುವುದಿಲ್ಲ. ತರಬೇತಿಗೆ ಹೋದರೆ ಅಲ್ಲೂ ಸ್ಲೈಡ್ ತೋರಿಸುತ್ತಾರೆ, ಊಟ ಹಾಕಿ ಕಳಿಸುತ್ತಾರೆ.

ನನ್ನ ಮಾತು ಇಷ್ಟೇ: ಶಿಕ್ಷಕರು ಮೊದಲು ಒಂದು ಪ್ರಾಜೆಕ್ಟನ್ನ ಮಕ್ಕಳ ಹಾಗೆ ಕೂತು ಮಾಡಬೇಕು.

(ದೃಶ್ಯ: ಶಾಲೆಯ ಅಂಗಳ, ತೊಟ್ಟಿಕ್ಕುವ ನಲ್ಲಿ)

ನಾನು ಸಂಪನ್ಮೂಲ ವ್ಯಕ್ತಿಯಾಗಿ, ಅಂದರೆ ತರಬೇತಿ ಕೊಡೋಕೆ, ಹೋಗಿದ್ದ ಒಂದು ಶಿಕ್ಷಕರ ತರಬೇತಿಯಲ್ಲಿ ಹೀಗೇ ಮಾಡಿದೆವು. ಕೊಟ್ಟದ್ದು ಒಂದೇ ಪ್ರಶ್ನೆ: ಈ ನಲ್ಲಿಯಿಂದ ದಿನಕ್ಕೆ ಎಷ್ಟು ಕೊಡ ನೀರು ಪೋಲಾಗುತ್ತಿದೆ?

ಒಂದು ಗುಂಪು ಅಡುಗೆಮನೆಯಿಂದ ಸ್ಟೀಲ್ ಲೋಟ ತಂದು ನಲ್ಲಿ ಕೆಳಗೆ ಇಟ್ಟಿತು. ತುಂಬೋಕೆ 5 ನಿಮಿಷ ಹಿಡಿಯಿತು. ಆಮೇಲೆ ನನ್ನ ಕಡೆ ತಿರುಗಿ, ‘ಸರ್, ಈ ಲೋಟದ ಅಳತೆ ಎಷ್ಟು?’ ಅಂದರು. ಉತ್ತರ ನಾಲಿಗೆ ತುದಿಯಲ್ಲಿತ್ತು. ಹೇಳಲಿಲ್ಲ. ‘ನೀವೇ ಹೇಗೆ ಕಂಡುಹಿಡಿಯಬಹುದು?’ ಅಂತ ಕೇಳಿ ಸುಮ್ಮನಾದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು ಮೇಡಂ ಎದ್ದು ಹೋಗಿ, ಟೀ ಮಾಡಿ ಬಿಸಾಕಿದ್ದ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ ತೊಳೆದು ತಂದರು. ಅದರ ತುಂಬ ನೀರು ಹಿಡಿದು ಲೋಟಕ್ಕೆ ಸುರಿದರು. ಸರಿಯಾಗಿ ಎರಡು ಲೋಟ. ಅಂದರೆ ಲೋಟಕ್ಕೆ 250 ಮಿಲಿ.

(ಪರದೆಯ ಮೇಲೆ ಲೆಕ್ಕ ಮೂಡುತ್ತದೆ)

5 ನಿಮಿಷಕ್ಕೆ 250 ಮಿಲಿ. ಗಂಟೆಗೆ 3 ಲೀಟರ್. ದಿನಕ್ಕೆ 72 ಲೀಟರ್. 15 ಲೀಟರಿನ ಕೊಡದಲ್ಲಿ ಹತ್ತಿರ ಹತ್ತಿರ ಐದು ಕೊಡ! ಲೆಕ್ಕ ಮುಗಿದಾಗ ಆ ಮೇಡಂ ಮುಖ ನೋಡಬೇಕಿತ್ತು. ತರಗತಿಯಲ್ಲಿ ಮಗುವಿನ ಮುಖದಲ್ಲಿ ನಾವು ಕಾಣಬೇಕಾದದ್ದು ಅದೇ ಖುಷಿ. ಅದನ್ನ ಒಮ್ಮೆ ಅನುಭವಿಸಿದವರು ಮಕ್ಕಳಿಗೆ ಉತ್ತರ ಹೇಳಿಬಿಡೋಕೆ ಸ್ವಲ್ಪ ಹಿಂದೆಮುಂದೆ ನೋಡುತ್ತಾರೆ.

ಪ್ರಶ್ನೆ ಹೇಗಿತ್ತು ಗಮನಿಸಿದಿರಾ? ‘ನೀರಿನ ಮಹತ್ವ’ ಅಂತ ಕೊಟ್ಟಿದ್ದರೆ ಚಾರ್ಟ್ ಬರುತ್ತಿತ್ತು, ಮೇಲೆ ಒಂದು ಘೋಷಣೆ ಇರುತ್ತಿತ್ತು. ಈ ಪ್ರಶ್ನೆಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ. ನಲ್ಲಿ ಹತ್ತಿರ ಹೋಗಲೇಬೇಕು. ತರಬೇತಿಯಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿಗೆ, ಅಂದರೆ ಇಂಥ ಪ್ರಶ್ನೆ ಹುಡುಕೋದಕ್ಕೆ. ನಾವು ಅರ್ಧ ದಿನ ಕೊಟ್ಟೆವು, ಸಾಲಲಿಲ್ಲ.

‘ಪೋರ್ಷನ್ ಯಾವಾಗ ಮುಗಿಸೋದು ಸರ್?’ ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ನ್ಯಾಯವಾದ ಪ್ರಶ್ನೆ. ಈ ನಲ್ಲಿಯನ್ನೇ ನೋಡಿ. ಅಳತೆ, ಗುಣಾಕಾರ, ಭಾಗಾಕಾರ ಬಂತು. ಮಕ್ಕಳು ನಲ್ಲಿ ರಿಪೇರಿ ಮಾಡಿಸಿ ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದರೆ ಕನ್ನಡದ ಪತ್ರಲೇಖನವೂ ಬಂತು. ಅದನ್ನ ಓದೋಕೆ ನಿಜವಾಗಿ ಒಬ್ಬರು ಇರುತ್ತಾರೆ ಅಲ್ವಾ, ಹಾಗಾಗಿ ಮಕ್ಕಳು ತಪ್ಪನ್ನ ತಾವೇ ತಿದ್ದಿಕೊಳ್ಳುತ್ತಾರೆ. ಪಠ್ಯದ ಯಾವ ಪಾಠಕ್ಕೂ ತಾಗದ ಪ್ರಾಜೆಕ್ಟ್ ಆದರೆ ಬಿಟ್ಟುಬಿಡಿ, ಬೇರೆಯದು ಹುಡುಕಿ.

(ದೃಶ್ಯ: ನಲಿ-ಕಲಿ ತರಗತಿ, ಕಾರ್ಡ್‌ಗಳ ಹತ್ತಿರದ ನೋಟ)

ನಮ್ಮಲ್ಲಿ ಇಂಥದ್ದು ಆಗಿರುವ ಉದಾಹರಣೆ ಇದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಶಾಲೆಗಳಿಗೆ ಹೋದರು. ಅಲ್ಲಿನ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಕಣ್ಣಾರೆ ನೋಡಿದರು. ವಾಪಸ್ ಬಂದು ನಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡ್ ಮಾಡಿದರು. ಅದೇ ನಲಿ-ಕಲಿ. ನಲಿ-ಕಲಿ ಮತ್ತು ಪ್ರಾಜೆಕ್ಟ್ ಕಲಿಕೆ ಎರಡೂ ಒಂದೇ ಅಲ್ಲ. ಆದರೆ ಶಿಕ್ಷಕರು ಬದಲಾದ ದಾರಿ ಇದೇ: ನೋಡಿದರು, ಮಾಡಿದರು, ತಮ್ಮದನ್ನಾಗಿ ಮಾಡಿಕೊಂಡರು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಆಗಬೇಕು ಅನ್ನುತ್ತದೆ. ಅದರಲ್ಲಿ ಒಂದು ದಿನವನ್ನ ನಲ್ಲಿ ಕೆಳಗೆ ಕೂರೋಕೆ ಕೊಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಇನ್ನೊಂದು ಮಾತು. ತರಬೇತಿ ಮುಗಿದ ಮೇಲೆ ಶಿಕ್ಷಕರು ಒಂಟಿಯಾಗುತ್ತಾರೆ. ಅರವತ್ತು ಮಕ್ಕಳು, ಇಬ್ಬರೇ ಮೇಷ್ಟ್ರು ಇರುವ ಶಾಲೆಯಲ್ಲಿ ಮೊದಲ ಪ್ರಾಜೆಕ್ಟ್ ಗದ್ದಲವೇ ಆಗುತ್ತದೆ. ಅದಕ್ಕೇ ಮೊದಲನೆಯದು ನಾಲ್ಕೈದು ಪಿರಿಯಡ್‌ನಲ್ಲಿ ಮುಗಿಯುವಂತಿರಲಿ. ಮುಂದಿನ ಕ್ಲಸ್ಟರ್ ಸಭೆಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಸಭೆಗೆ, ಬರುವಾಗ ಮಕ್ಕಳ ನೋಟ್‌ಬುಕ್ ತನ್ನಿ, ಕಾಟು ಹೊಡೆದ ಲೆಕ್ಕದ ಪುಟಗಳ ಸಮೇತ. ಜೊತೆಗೆ ಒಂದು ಹಾಳೆಯಲ್ಲಿ, ಮಕ್ಕಳಿಗೆ ಎಲ್ಲೆಲ್ಲಿ ನೀವೇ ಉತ್ತರ ಹೇಳಿಬಿಟ್ಟಿರಿ ಅಂತ ಬರೆದುಕೊಂಡು ಬನ್ನಿ. ನನ್ನ ಹಾಳೆಯಲ್ಲಿ ಮೊದಲ ಸಲ ಹನ್ನೊಂದು ಸಾಲು ಇದ್ದವು.