ಮಂಗ ಸತ್ತಿದ್ದು ಕಂಡ್ರೆ ಮೊದಲು ಹಿಂದೆ ಸರೀರಿ, ಆಮೇಲೆ ಫೋನ್ ಮಾಡಿ

ಎಲ್ಲರಿಗೂ ನಮಸ್ಕಾರ. ಕೊನೆಕೊಯ್ಲಿನ ಟೈಮಲ್ಲಿ ಅಡಿಕೆ ಸುಲಿಯೋದು ಬಿಟ್ಟು ಇಷ್ಟು ಜನ ಶಾಲೆ ಜಗಲಿಗೆ ಬಂದು ಕೂತಿದ್ದೀರಿ, ಅದಕ್ಕೇ ಸುತ್ತಿ ಬಳಸಿ ಮಾತಾಡಲ್ಲ, ಮಂಗನ ಕಾಯಿಲೆ ವಿಷಯಕ್ಕೇ ಬರ್ತೀನಿ. ತೋಟದಲ್ಲೋ ಸೊಪ್ಪಿನ ಬೆಟ್ಟದಲ್ಲೋ ಮಂಗ ಸತ್ತು ಬಿದ್ದಿದ್ರೆ ಯಾರಿಗೆ ಹೇಳ್ಬೇಕು, ಯಾರು ತೆಗೀಬೇಕು, ನಾವು ಏನು ಮಾಡಬಾರ್ದು, ಇವತ್ತು ಇಷ್ಟೇ ಮಾತು.

ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಈ ಮಂಗನ ಕಾಯಿಲೆ ಪತ್ತೆ ಆಗಿದ್ದು. ಕಾಡಲ್ಲಿ ಮಂಗ ಸಾಯ್ತಿದ್ವು, ಊರಲ್ಲಿ ಜನಕ್ಕೆ ಜ್ವರ ಬರ್ತಿತ್ತು, ಎರಡಕ್ಕೂ ನಂಟಿದೆ ಅಂತ ಆಗ ಗೊತ್ತಾಯ್ತು. 2018-19ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡು ಕಡೆ ಇದೇ ಕಾಯಿಲೆಗೆ ಜನ ಸತ್ತಿದ್ದನ್ನ ಇಲ್ಲಿ ಕೂತಿರೋರಿಗೆ ನಾನು ಬಿಡಿಸಿ ಹೇಳ್ಬೇಕಾಗಿಲ್ಲ, ಕೆಲವರ ಮನೆಯಲ್ಲಿ ಆ ನೋವು ಇನ್ನೂ ಆರಿಲ್ಲ.

ಒಂದು ವಿಷಯ ಮಾತ್ರ ಚೆನ್ನಾಗಿ ತಲೇಲಿ ಇಟ್ಕೊಳ್ಳಿ. ಕಾಯಿಲೆ ಹಚ್ಚೋದು ಮಂಗ ಅಲ್ಲ, ಉಣುಗು, ಅಂದ್ರೆ ರಕ್ತ ಹೀರೋ ಉಣ್ಣೆ ಹುಳ. ಮಂಗ ಬದುಕಿರೋವರೆಗೂ ಉಣುಗು ಅದರ ಮೈಮೇಲೆ ರಕ್ತ ಕುಡೀತಾ ಇರುತ್ತೆ, ಸತ್ತು ಮೈ ತಣ್ಣಗಾಯ್ತು ಅಂದ್ರೆ ಅದಕ್ಕೆ ಅಲ್ಲಿ ಕೆಲಸ ಇಲ್ಲ, ಇಳಿದು ಸುತ್ತಲಿನ ದರಗಲ್ಲಿ, ಅಂದ್ರೆ ಒಣಗಿ ಉದುರಿದ ಎಲೆಯಲ್ಲಿ, ಕೂತು ಇನ್ನೊಂದು ಬಿಸಿ ಮೈಗೆ ಕಾಯುತ್ತೆ, ಅದು ದನ ಆಗಬಹುದು, ದರಗು ಗುಡಿಸೋಕೆ ಹೋದ ನಮ್ಮ ಹೆಣ್ಮಕ್ಕಳೂ ಆಗಬಹುದು. ಮರಿ ಉಣುಗು ಸಾಸಿವೆ ಕಾಳಿಗಿಂತ ಚಿಕ್ಕದು, ಕಾಲಿಗೆ ಹತ್ತಿದ್ರೆ ಮಣ್ಣಿನ ಚುಕ್ಕೆ ಅನ್ಕೋತೀವಿ. ಹಾಗಾಗಿ ಹೆಣ ಎತ್ತಿ ಬಿಸಾಕಿದ್ರೆ ಮುಗೀತು ಅನ್ನೋದು ತಪ್ಪು, ಮಂಗ ಬಿದ್ದಿದ್ದ ಆ ಜಾಗಾನೇ ದೊಡ್ಡ ಅಪಾಯ.

ನಮ್ಮನೆ ಹಿತ್ತಲಲ್ಲೇ ಆಗಿದ್ದು ಹೇಳ್ತೀನಿ. ಹಲಸಿನ ಮರದ ಬುಡದಲ್ಲಿ ಒಂದು ಮುಸಿಯ, ಅದೇ ಕಪ್ಪು ಮೂತಿ ಮಂಗ, ಎರಡು ದಿನದಿಂದ ಮಂಕಾಗಿ ಕೂತಿತ್ತು, ನಾಯಿ ಬೊಗಳಿದ್ರೂ ಮರ ಹತ್ತಲಿಲ್ಲ, ಮೂರನೇ ದಿನ ಬೆಳಿಗ್ಗೆ ನೋಡಿದ್ರೆ ಸತ್ತಿತ್ತು, ಬಾಲ ನೀಟಾಗಿ ಚಾಚಿಕೊಂಡು ಮಲಗಿದ ಹಾಗೆ. ಹನುಮಂತ ದೇವರ ರೂಪ ಅಂತ ಅತ್ತಿಗೆ ಅರಿಶಿನ ಕುಂಕುಮ ತಂದ್ರು, ಅಕ್ಕಪಕ್ಕದ ಮಕ್ಕಳು ದಾಸವಾಳ ಕಿತ್ತು ತಂದು ಹತ್ತಿರ ಕೂತ್ಕೊಂಡು ಇಟ್ವು, ಬರಿಗಾಲಲ್ಲಿ ನಾವೆಲ್ಲ ಸುತ್ತ ನಿಂತು ಕೈ ಮುಗಿದ್ವಿ, ಕಾಯಿ ಒಡೆದು ಅಲ್ಲೇ ಹೂತ್ವಿ. ಒಂದು ವಾರಕ್ಕೆ ಅತ್ತಿಗೆಗೆ ಜ್ವರ, ತಲೆ ಸಿಡಿದು ಹೋಗೋ ನೋವು, ಕಣ್ಣು ಕೆಂಪಗೆ, ಸೊಂಟ ಎತ್ತೋಕಾಗ್ತಿರಲಿಲ್ಲ. ದೊಡ್ಡಾಸ್ಪತ್ರೆಲಿ ಹದಿನೈದು ದಿನ ಇದ್ದು ಬದುಕಿ ಬಂದ್ರು. ಅವರ ಭಕ್ತಿಯಲ್ಲಿ ಯಾವ ತಪ್ಪೂ ಇರಲಿಲ್ಲ. ದೇವರಿಗೆ ಕೈ ಮುಗಿಯೋದನ್ನ ಬಿಡಿ ಅಂತ ನಾನು ಹೇಳಲ್ಲ, ಅಂಗಳದಲ್ಲಿ ನಿಂತು ದೂರದಿಂದ ಮುಗೀರಿ, ಕಾಯಿ ಒಡೆಯೋದು ದೇವಸ್ಥಾನದಲ್ಲಿ ಆಗಲಿ.

ಗೊತ್ತಿರೋರಿಗೂ ಇದು ತಪ್ಪಿದ್ದಲ್ಲ. 2012ರ ಕೊನೇಲಿ ಬಂಡೀಪುರದ ಕಡೆ ಮಂಗಗಳು ಸತ್ತಾಗ ಅವನ್ನ ಮುಟ್ಟಿ, ಕೊಯ್ದು ನೋಡಿ, ಸುಟ್ಟ ಕೆಲಸದಲ್ಲಿದ್ದೋರಿಗೇ ಕಾಯಿಲೆ ಬಂದಿತ್ತು. ಹಾಗಾಗಿ ತೆಗೆಯೋ ಕೆಲಸ ಗೌಸು ಬೂಟು ಕಿಟ್ ಇರೋರಿಗೇ ಬಿಡಿ, ಹುಡುಗ್ರು ಕೋಲು ಹಿಡ್ಕೊಂಡು ಹೋಗೋದು ಬೇಡ.

ಕಂಡ ತಕ್ಷಣ ಹಿಂದೆ ಸರೀರಿ, ದೂರದ ಒಂದು ಮರಕ್ಕೆ ಬಟ್ಟೆ ಕಟ್ಟಿ ಗುರುತು ಮಾಡಿ, ದೂರದಿಂದಲೇ ಫೋಟೋ ತೆಗ್ದು ಆಶಾ ಅಕ್ಕಂಗೆ, ಪಂಚಾಯ್ತಿಗೆ, ಇಲ್ಲಾ ಫಾರೆಸ್ಟ್ ಗಾರ್ಡಿಗೆ ಕಳ್ಸಿ, ಯಾವ ಬ್ಯಾಣ (ಹುಲ್ಲುಗಾವಲು), ಯಾರ ತೋಟದ ಮೇಲೆ, ದಾರಿ ಎಲ್ಲಿಂದ ಅಂತ ಬಿಡಿಸಿ ಹೇಳಿ, ಆ ಕಡೆ ದನ ಬಿಡಬೇಡಿ ಅಂತ ಅಕ್ಕಪಕ್ಕದೋರಿಗೂ ಹೇಳಿ. ಅರಣ್ಯ ಇಲಾಖೆ ಸಹಾಯವಾಣಿ 1926 ಇದೆ. ಹೇಳೋದಾದ್ರೆ ಅದೇ ದಿನ ಹೇಳಿ, ಯಾಕಂದ್ರೆ ಪಶು ಡಾಕ್ಟ್ರು ಬಂದು ಒಳಗಿನ ಸ್ಯಾಂಪಲ್ ತೆಗ್ದು ಲ್ಯಾಬಿಗೆ ಕಳಿಸ್ಬೇಕು, ಕೊಳೆತು ಹೋದ್ರೆ ಏನೂ ಸಿಗಲ್ಲ. ಆಮೇಲೆ ಹೆಣಾನ ಸುಡ್ತಾರೆ, ಸುತ್ತ ಐವತ್ತು ಅಡಿವರೆಗೂ ಉಣುಗು ಸಾಯಿಸೋ ಮೆಲಾಥಿಯಾನ್ ಪುಡಿ ಹೊಡೀತಾರೆ. ಪುಡಿ ಹೊಡೀದೇ ಹೋದ್ರೆ ಬಿಡಬೇಡಿ, ನಿಂತು ಕೇಳಿ. ಒಂದು ಸಲ ನಾವು ಫೋನ್ ಮಾಡಿದ್ದಕ್ಕೆ ಇದು ನಮ್ಮ ಕೆಲಸ ಅಲ್ಲ ಅಂತ ಇವರು, ನಮ್ಮದಲ್ಲ ಅಂತ ಅವರು, ಮೂರು ದಿನ ಹೋಯ್ತು. ಅವತ್ತಿಂದ ನಾನು ಎಲ್ಲರಿಗೂ ಒಟ್ಟಿಗೇ ವಾಟ್ಸಾಪ್ ಹಾಕ್ತೀನಿ, ಅಲ್ಲಿ ಟೈಮು ತಾರೀಕು ಬಿದ್ದಿರುತ್ತಲ್ಲ.

ಕೆಲವರು ಹೇಳಲ್ಲ, ಯಾಕಂತ ನಂಗೊತ್ತು. ಬಾಳೆ, ಏಲಕ್ಕಿ, ಎಳೆ ಅಡಿಕೆ ಎಲ್ಲ ಮಂಗನ ಪಾಲಾಗಿ ಜನ ರೋಸಿ ಹೋಗಿದಾರೆ, ಈಗ ಸತ್ತಿದೆ ಅಂದ್ರೆ ನೀನೇ ಹೊಡೆದ್ಯಾ ಅಂತ ಕೇಳ್ತಾರೇನೋ ಅನ್ನೋ ಹೆದರಿಕೆ. ಕಂಡಿದ್ದನ್ನ ಹೇಳೋದು ತಪ್ಪಲ್ಲ ಮಾರಾಯ್ರೆ. ಗುಟ್ಟಾಗಿ ಹೊಂಡಕ್ಕೆ ಎಳೆದು ಹಾಕಿದ್ರೆ ಎಳೆದ ದಾರಿ ಪೂರ್ತಿ ಉಣುಗು ಚೆಲ್ಲಿದ ಹಾಗೆ, ಅದೇ ದಾರೀಲಿ ನಿಮ್ಮ ಮಗು ಶಾಲೆಗೆ ಬರುತ್ತೆ.

ಸತ್ತಿಲ್ಲ, ಮಂಕಾಗಿ ನೆಲದ ಮೇಲೆ ಕೂತಿದೆ ಅಂದ್ರೂ ಹೀಗೇ ಮಾಡಿ. ನೀರು ಕುಡಿಸ್ತೀನಿ, ಎತ್ಕೊಂಡು ಹೋಗ್ತೀನಿ ಅಂತ ಹತ್ತಿರ ಹೋಗಬೇಡಿ, ಪಾಪ ಅನಿಸುತ್ತೆ, ನಂಗೂ ಅನಿಸುತ್ತೆ, ಆದ್ರೂ ಬೇಡ. ದನ ಕರು ಗಾಯ ಆಗಿ ಬಿದ್ದಿದ್ರೆ 1962ಕ್ಕೆ ಮಾಡಿ, ಪಶು ಆಂಬುಲೆನ್ಸ್ ಬರುತ್ತೆ.

ಈ ಕಾಯಿಲೆಗೆ ಕೊಡ್ತಿದ್ದ ಹಳೇ ಲಸಿಕೆ ನಿಲ್ಲಿಸಿದಾರೆ, ಹಾಗಾಗಿ ಬೆಟ್ಟಕ್ಕೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ತಡೆಯೋ ಡೇಪಾ ಎಣ್ಣೆ ಹಚ್ಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಕುದಿಸಿ, ಜ್ವರ ಬಂದ್ರೆ ಮನೆ ಮಾತ್ರೆ ನುಂಗ್ತಾ ಕೂರ್ಬೇಡಿ.

ಆಶಾ ಅಕ್ಕ ಇಲ್ಲೇ ಮುಂದಿನ ಸಾಲಲ್ಲಿ ಕೂತಿದಾರೆ. ಎಲ್ಲರೂ ಫೋನ್ ತೆಗೀರಿ, ಅವರೀಗ ನಂಬರ್ ಹೇಳ್ತಾರೆ, ಫೋನಿಲ್ಲದ ಅಜ್ಜಿ ತಾತಂದಿರಿಗೆ ಚೀಟಿ ಬರೆದಿಟ್ಟಿದ್ದೀನಿ, ಹೋಗೋವಾಗ ತಗೊಂಡು ಹೋಗಿ.