ನಮ್ಮ ಬಸಳೆಗೆ ಇಲ್ಲಿ ಅಲುಗ್ಬಾತಿ ಅಂತಾರೆ

(ಫಿಲಿಪ್ಪೀನ್ಸ್‌ನ ಮನಿಲಾದಲ್ಲಿ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ರಾಜ್ಯೋತ್ಸವದ ದಿನ ಭಾಷೆಯ ಬಗ್ಗೆ ಮಾತಾಡೋದು ವಾಡಿಕೆ. ನನಗೆ ಕೊಟ್ಟಿರೋದು ದಿನಸಿ. "ಅಕ್ಕಾ, ತಿಂಗಳ ಸಾಮಾನಿನ ಬಿಲ್ ನೋಡಿದ್ರೆ ತಲೆ ತಿರುಗುತ್ತೆ, ಅದರ ಬಗ್ಗೆನೇ ಹೇಳಿ" ಅಂದರು. ಸರಿ. ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಹಿಂದಿನಿಂದ ಒಗ್ಗರಣೆ ವಾಸನೆ ಬೇರೆ ಬರ್ತಾ ಇದೆ, ನಿಮ್ಮ ಗಮನ ಎಲ್ಲಿದೆ ಅಂತ ನನಗೂ ಗೊತ್ತು.

ನಾವು ಇಲ್ಲಿಗೆ ಬಂದಾಗ ಮೊದಲು ಇದ್ದದ್ದು ದಾವಾವ್‌ನಲ್ಲಿ. ಮೊದಲ ವಾರ ಪಲೆಂಕೆಗೆ, ಅಂದ್ರೆ ಸಂತೆ ಮಾರುಕಟ್ಟೆಗೆ ಹೋದೆ. ಭಾಷೆ ಬರೋದಿಲ್ಲ. ತರಕಾರಿ ಗುಡ್ಡೆ ಹಾಕಿಕೊಂಡು ಕೂತ ಹೆಂಗಸು ನನ್ನ ಮುಖ ನೋಡಿ "ಬೊಂಬಾಯ್? ಬೊಂಬಾಯ್?" ಅಂದಳು. ಭಾರತೀಯರನ್ನೆಲ್ಲ ಇಲ್ಲಿ 'ಬುಂಬಾಯ್' ಅಂತಾರೆ, ಸಾಲ ಕೊಟ್ಟು ಬೈಕಲ್ಲಿ ವಸೂಲಿಗೆ ಬರೋರು ಅಂತ ಒಂದು ಚಿತ್ರವೂ ಇದೆ ಅಂತ ಯಜಮಾನರು ಮೊದಲೇ ಹೇಳಿದ್ದರು. ನನಗೆ ಸಿಟ್ಟು ಬಂತು. "ನೋ ಬೊಂಬಾಯ್, ಕುಂದಾಪುರ!" ಅಂದೆ. ಅವಳು ಇನ್ನೂ ಜೋರಾಗಿ "ಬೊಂಬಾಯ್!" ಅಂದಳು. ನಾನು ತಲೆ ಅಲ್ಲಾಡಿಸಿದೆ. ಪಕ್ಕದ ಮೀನಿನವಳೂ ಸೇರಿಕೊಂಡಳು. ಕೊನೆಗೆ ಅವಳು ಬುಟ್ಟಿಗೆ ಕೈ ಹಾಕಿ ದೊಡ್ಡ ಈರುಳ್ಳಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದಳು. ಆ ಕಡೆ ಗಡ್ಡೆ ಈರುಳ್ಳಿಗೆ 'ಬೊಂಬಾಯ್' ಅನ್ನೋದೇ ಹೆಸರು! ಅವತ್ತು ನಕ್ಕವಳು ಆಮೇಲೆ ನನ್ನ 'ಸುಕಿ' ಆದಳು. ಸುಕಿ ಅಂದ್ರೆ ಖಾಯಂ ಗಿರಾಕಿಯೂ ಹೌದು, ಖಾಯಂ ಅಂಗಡಿಯವಳೂ ಹೌದು. ಒಂದೇ ಪದ ಎರಡೂ ಕಡೆಗೆ.

ಇಷ್ಟುದ್ದ ಯಾಕೆ ಹೇಳಿದೆ ಅಂದ್ರೆ, ನಮ್ಮ ಬಿಲ್ ಏರೋದು ಬೆಲೆಯಿಂದ ಮಾತ್ರ ಅಲ್ಲ, ಹೆಸರು ಗೊತ್ತಿಲ್ಲದೆ. ನಾವು ಮಾಲ್‌ಗೆ ಹೋಗಿ ಪ್ಲಾಸ್ಟಿಕ್ ಸುತ್ತಿದ ಪಾಲಕ್ ಹಿಡಿದು, ರೂಪಾಯಿ ಲೆಕ್ಕಕ್ಕೆ ಇಲ್ಲಿನ ಪೆಸೊವನ್ನು ಒಂದೂವರೆಯಿಂದ ಗುಣಿಸಿ, ಎದೆ ಹಿಡ್ಕೊಳ್ತೀವಿ. ಅದೇ ಹೊತ್ತಿಗೆ ಹೊರಗಿನ ಪಲೆಂಕೆಯಲ್ಲಿ ಬಸಳೆ ಕಟ್ಟು ಬಿದ್ದಿರುತ್ತೆ. ಅಲುಗ್ಬಾತಿ ಅಂತಾರೆ. ನುಗ್ಗೆಸೊಪ್ಪು ಮಲುಂಗಾಯ್, ಹೀರೆಕಾಯಿ ಪಟೋಲ, ಸೋರೆ ಉಪೊ, ಸೀಮೆಬದನೆ ಸಯೋತೆ. ಕಾಯಿ ತುರಿಯೋ ಕಷ್ಟವೂ ಇಲ್ಲ, ನಿಮ್ಮೆದುರೇ ಮೆಷಿನ್‌ಗೆ ಹಿಡಿದು ಕೊಡ್ತಾರೆ. ಕರಾವಳಿಯವರಿಗೆ ಗುಟ್ಟೊಂದು: ಮೀನಿನ ಸಾಲಲ್ಲಿ 'ಅಲುಮಹಾನ್' ಕೇಳಿ. ನಮ್ಮ ಬಂಗುಡೆಯೇ.

ತೊಗರಿಬೇಳೆ ಮಾತು ಬರುತ್ತೆ ಅಂತ ಗೊತ್ತು. ಕಲಬುರಗಿಯವರು ಆಗಲೇ ಹುಬ್ಬು ಗಂಟು ಹಾಕಿದ್ದಾರೆ. ಬೇಳೆ ಇಂಡಿಯನ್ ಅಂಗಡಿಯಲ್ಲೇ ತರಬೇಕು, ದುಬಾರಿಯೇ. ಆದರೆ ಇಲೊಯ್ಲೊ ಕಡೆ 'ಕಾದ್ಯೋಸ್' ಅಂತ ಕಾಳಿದೆ. ಕಪ್ಪು ಸಿಪ್ಪೆಯ ತೊಗರಿಕಾಳು! ಅವರು ಹಲಸಿನಕಾಯಿ, ಹಂದಿಮಾಂಸ ಹಾಕಿ ಬೇಯಿಸ್ತಾರೆ. ನಾನು ಹಂದಿ ಬಿಟ್ಟು ಕಾಯಿ ಮಸಾಲೆ ಹಾಕ್ತೀನಿ. ಸಾರು ಕಪ್ಪಗಾಗುತ್ತೆ, ಮಕ್ಕಳು ಮೊದಲ ದಿನ ಮುಟ್ಟಲಿಲ್ಲ. ಹುರುಳಿ ಸಾರು ಅಂತ ಸುಳ್ಳು ಹೇಳಿದೆ, ತಿಂದವು.

ಅಕ್ಕಿಯೂ ಅಷ್ಟೇ. ಸೋನಾ ಮಸೂರಿ ಬೇಕೇ ಬೇಕು ಅಂತೀವಿ. ಊರಲ್ಲಿ ಐಆರ್-64 ತಳಿಯ ಅಕ್ಕಿ ಉಂಡವರು ಇಲ್ಲಿ ಎಷ್ಟು ಜನ ಇದ್ದೀರಿ? ಅದು ಹುಟ್ಟಿದ್ದೇ ಇಲ್ಲಿಂದ ಬರೀ ಅರವತ್ತು-ಎಪ್ಪತ್ತು ಕಿಲೋಮೀಟರ್ ದೂರದ ಲೋಸ್ ಬಾನ್ಯೋಸ್‌ನ ಅಕ್ಕಿ ಸಂಶೋಧನಾ ಸಂಸ್ಥೆಯಲ್ಲಿ. 1985ರಲ್ಲಿ ಬಿಡುಗಡೆ ಆಯ್ತು. ಕುಚ್ಚಲಕ್ಕಿ ಮಾತ್ರ ಕೇಳಬೇಡಿ, ಆ ದುಃಖ ನನಗೂ ಇದೆ.

ಹಾಗಂತ ಎಲ್ಲವೂ ಅಗ್ಗ ಅಂತ ನಾನು ಹೇಳ್ತಿಲ್ಲ. 2022ರ ಕೊನೆ, 2023ರ ಜನವರಿ ನೆನಪಿದೆಯಲ್ವಾ? ಈರುಳ್ಳಿ ಕಿಲೋಗೆ 600-700 ಪೆಸೊ. ಮಾಂಸಕ್ಕಿಂತ ದುಬಾರಿ. ಮನಿಲಾದ ಕನಿಷ್ಠ ದಿನಗೂಲಿ ಆಗ 570 ಪೆಸೊ. ವಿಮಾನದ ಸಿಬ್ಬಂದಿ ಕೊಲ್ಲಿ ದೇಶಗಳಿಂದ ಸೂಟ್‌ಕೇಸಲ್ಲಿ ಈರುಳ್ಳಿ ತಂದು ಸಿಕ್ಕಿಬಿದ್ದರು. ಇಲೊಯ್ಲೊದಲ್ಲಿ ಒಬ್ಬ ಮದುಮಗಳು ಹೂಗುಚ್ಛದ ಬದಲು ಈರುಳ್ಳಿ ಗೊಂಚಲು ಹಿಡಿದಳು. ಈರುಳ್ಳಿಗೇ ಸರ್ಕಾರ ಬೀಳಿಸಿದ ದೇಶದವರು ನಾವು, ನಮಗಿದು ಅರ್ಥ ಆಗುತ್ತೆ. ಇಲ್ಲಿ ಸುಗ್ಗಿ ಬರೋದು ಹೆಚ್ಚುಕಡಿಮೆ ಫೆಬ್ರವರಿಯಿಂದ ಏಪ್ರಿಲ್. ಅದಕ್ಕೇ ನಾನೀಗ ಸುಗ್ಗಿಯಲ್ಲೇ ಎರಡು ಗೊಂಚಲು ಕಟ್ಟಿ ಬಾಲ್ಕನಿಯಲ್ಲಿ ನೇತುಹಾಕ್ತೀನಿ.

ಚೀಟಿ ಬಂತು. ಐದು ನಿಮಿಷ ಅಂತೆ. ಈರುಳ್ಳಿ ನನ್ನ ಸಮಯ ತಿಂದಿತು ನೋಡಿ.

ಹಾಲು. ಈ ದೇಶಕ್ಕೆ ಹಾಲಿನ ಪದಾರ್ಥ ಹತ್ತಿರ ಹತ್ತಿರ ಪೂರ್ತಿ ಹೊರಗಿಂದಲೇ ಬರೋದು, ಬೆಲೆ ಇಳಿಯೋದಿಲ್ಲ. ಮೊದಲ ತಿಂಗಳು ನಾನು ಅಗ್ಗದ ಡಬ್ಬಿ ಹಾಲು ತಂದು, ದಿನಾ ಕಾಯಿಸಿ, ಕೆನೆ ಕೂಡಿಸಿ ತುಪ್ಪ ಮಾಡೋಣ ಅಂತ ಕಾದೆ. ಕೆನೆಯೇ ಬರಲಿಲ್ಲ. ಆಮೇಲೆ ಕನ್ನಡಕ ಹಾಕಿ ಓದಿದರೆ, ಹಾಲಿನ ಪುಡಿಗೆ ತಾಳೆ ಎಣ್ಣೆ ಬೆರೆಸಿದ್ದು! ಮೋಸ ಅಲ್ಲ, ಅದರ ಮೇಲೆ ಬರೆದೇ ಇತ್ತು, 'ಫಿಲ್ಡ್ ಮಿಲ್ಕ್' ಅಂತ. ಮೊಸರಿಗೆ 'ಫುಲ್ ಕ್ರೀಮ್' ತನ್ನಿ, ಹಿಂದಿನ ಸಣ್ಣಕ್ಷರ ಓದಿ.

ಇನ್ನು ತೂಕ, ತೆರಿಗೆ, ಗೋಧಿ ಹಿಟ್ಟು ಅಂತ ಬರ್ಕೊಂಡು ಬಂದಿದ್ದೆ. ಬೇಗ ಹೇಳ್ತೀನಿ. ಪ್ಯಾಕೆಟ್ ತಿಂಡಿಗೆ 12 ಶೇಕಡಾ ವ್ಯಾಟ್ ಇದೆ, ಹಸಿ ತರಕಾರಿಗೆ ಇಲ್ಲ. ಆರು ಗಂಟೆಗೇ ಪಲೆಂಕೆಗೆ ಹೋಗಿ. ಮಾರುವವಳನ್ನ 'ಆತೆ' ಅನ್ನಿ, ಅಕ್ಕಾ ಅಂದ ಹಾಗೆ. ಒಂದು ಹಿಡಿ ಸೊಪ್ಪು ಜಾಸ್ತಿ ಬೀಳುತ್ತೆ. ಹಿಟ್ಟಿನ ವಿಷಯ ಊಟದ ಪಂಕ್ತಿಯಲ್ಲಿ ಕೇಳಿ.

ಹಾಂ, ಮರೆತೆ. ಬಾಗಿಲ ಹತ್ತಿರ ಹಸಿರು ಚೀಲ ಇದೆ. ನಮ್ಮ ಬಾಲ್ಕನಿಯ ಬಸಳೆ ಕಡ್ಡಿ. ಕುಂಡದಲ್ಲಿ ಚುಚ್ಚಿದ್ರೆ ಸಾಕು, ಹಬ್ಬುತ್ತೆ. ಒಬ್ಬರಿಗೆ ಎರಡೇ ಕಡ್ಡಿ, ದಯವಿಟ್ಟು. ಹೋದ ವರ್ಷ ಮೊದಲು ಬಂದವರೇ ಚೀಲ ಸಮೇತ ಒಯ್ದರು. ಅವರೂ ಇಲ್ಲೇ ಕೂತಿದ್ದಾರೆ, ಹೆಸರು ಹೇಳೋದಿಲ್ಲ.