ಬಂಕು ಮನೆಯವರದ್ದು, ಬೋರ್ಡು ಕಂಪನಿಯದ್ದು

ನಮಸ್ಕಾರ. ಪೆಟ್ರೋಲ್ ಬಂಕ್ ಇಟ್ಟ ಮನೆ ಅಂದರೆ ಊರವರ ಲೆಕ್ಕದಲ್ಲಿ ಅವರಿಗೆ ದುಡ್ಡಿನ ಚಿಂತೆಯೇ ಇಲ್ಲ. ನನಗೆ ಮಾತ್ರ ಇದು ವಿಚಿತ್ರ ವ್ಯಾಪಾರ ಅನ್ನಿಸುತ್ತದೆ. ಮೂರು ತಲೆಮಾರು ನಡೆಸಿದರೂ, ಮಾರುವ ಮಾಲಿಗೆ ತಾವೇ ಬೆಲೆ ಇಡುವಂತಿಲ್ಲ.

ಹಳೇ ಹೈವೇ ಬದಿಯ ಬಂಕುಗಳನ್ನೇ ನೋಡಿ. ಅಜ್ಜನ ಕಾಲದಲ್ಲಿ ಬೋರ್ಡಿನ ಮೇಲೆ ಬರ್ಮಾ ಶೆಲ್, ಎಸ್ಸೋ, ಕ್ಯಾಲ್ಟೆಕ್ಸ್ ಅನ್ನುವ ವಿದೇಶಿ ಕಂಪನಿಗಳ ಹೆಸರು. 1974ರಲ್ಲಿ ಎಸ್ಸೋ ಸರ್ಕಾರದ ಕೈಗೆ ಬಂದು ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಬರ್ಮಾ ಶೆಲ್ ಸರದಿ, ಅದೇ ಮುಂದೆ ಭಾರತ್ ಪೆಟ್ರೋಲಿಯಂ. 1978ರಲ್ಲಿ ಕ್ಯಾಲ್ಟೆಕ್ಸ್ ಕೂಡ ಹಿಂದೂಸ್ತಾನ್ ಪೆಟ್ರೋಲಿಯಂ ಜೊತೆ ಸೇರಿತು. ಗಲ್ಲಾದಲ್ಲಿ ಕೂತವರು ಅವರೇ, ಗೋಡೆಗೆ ಮಾತ್ರ ಹೊಸ ಬಣ್ಣ.

ಜಾಗದ ಕಥೆ ಇನ್ನೂ ಮಜವಾಗಿದೆ. ವಿದೇಶಿ ಕಂಪನಿಗೆ ಲೀಸಿಗೆ ಕೊಟ್ಟ ಜಾಗವನ್ನು, ಅವಧಿ ಮುಗಿದ ಮೇಲೂ ಹಳೇ ಷರತ್ತಿನಲ್ಲೇ ಮುಂದುವರಿಸುವ ಹಕ್ಕನ್ನು, ಈ ಕಂಪನಿಗಳನ್ನು ವಶಕ್ಕೆ ತಗೊಳ್ಳಲು ಮಾಡಿದ ಕಾಯ್ದೆಗಳೇ ಸರ್ಕಾರಕ್ಕೆ ಕೊಟ್ಟವು. ಜಾಗದ ಒಡೆಯರು ಸುಪ್ರೀಂ ಕೋರ್ಟ್‌ವರೆಗೂ ಹತ್ತಿದರು. ಇನ್ನು ಡೀಲರ್‌ಶಿಪ್? ಅದು ಪಿತ್ರಾರ್ಜಿತ ಆಸ್ತಿ ಅಲ್ಲ. ಅಪ್ಪ ತೀರಿಕೊಂಡರೆ ಮಕ್ಕಳು ಕಂಪನಿಗೆ ಅರ್ಜಿ ಹಾಕಬೇಕು.

ಹಾಗಾದರೆ ಮನೆಯವರದ್ದು ಅಂತ ಇದ್ದದ್ದೇನು? ಉದ್ರಿ ಪುಸ್ತಕ. ಕಾಫಿ ಸೀಮೆಯಲ್ಲಿ ಎಸ್ಟೇಟಿನ ಡ್ರೈವರ್ ಸಾಹುಕಾರರ ಸಹಿ ಇರುವ ಚೀಟಿ ತಂದರೆ ಸಾಕು, ಜೀಪಿಗೆ ಡೀಸೆಲ್. ದುಡ್ಡು ಕೊಯ್ಲು ಮುಗಿದ ಮೇಲೆ. ಯಾರಿಗೆ ಎಷ್ಟು ಬಿಡಬಹುದು ಅನ್ನುವುದು ಗಲ್ಲಾದಲ್ಲಿ ಕೂತವರಿಗೆ ಬಾಯಿಪಾಠ. ಆಮೇಲೆ ಬೆಳಗಿನ ಕೆಲಸ. ಟ್ಯಾಂಕಿನಲ್ಲಿ ಎಷ್ಟು ಮಾಲಿದೆ ಅಂತ ಅಳೆಯುವ ಕೋಲು, ಅಂದರೆ ಡಿಪ್ ರಾಡ್, ಅದರ ತುದಿಗೆ ಪೇಸ್ಟ್ ಹಚ್ಚಿ ಒಳಗೆ ಇಳಿಸುತ್ತಾರೆ. ಪೇಸ್ಟಿನ ಬಣ್ಣ ಬದಲಾದರೆ ಒಳಗೆ ನೀರು ಸೇರಿದೆ ಅಂತ. ಪೆಟ್ರೋಲಿಗೆ ಎಥನಾಲ್ ಬೆರೆಸಲು ಶುರು ಮಾಡಿದ ಮೇಲೆ ಮಳೆಗಾಲದಲ್ಲಿ ಈ ಭಯ ಜಾಸ್ತಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅಲ್ವಾ?

ಈಗ ದರಕ್ಕೆ ಬರೋಣ. 2017ರ ಜೂನ್ 16ರಿಂದ ದರ ದಿನಾ ಬೆಳಿಗ್ಗೆ 6 ಗಂಟೆಗೆ ಬದಲಾಗಬಹುದು. ಟ್ಯಾಂಕರ್ ಲೋಡಿಗೆ ಕಂಪನಿಗೆ ಮುಂಗಡ ಕಟ್ಟಿ ತರಿಸಿದ ಮಾಲು ಟ್ಯಾಂಕಿನಲ್ಲೇ ಇರುತ್ತದೆ, ಅದರ ಬೆಲೆ ಮಾತ್ರ ರಾತ್ರಿ ಬೆಳಗಾಗುವುದರೊಳಗೆ ಬೇರೆ. 2021ರ ದೀಪಾವಳಿ ನೆನಪಿದೆಯಾ? ಕೇಂದ್ರ ಸರ್ಕಾರ ಡೀಸೆಲ್ ಮೇಲಿನ ಸುಂಕವನ್ನು ಲೀಟರಿಗೆ 10 ರೂಪಾಯಿ ಇಳಿಸಿತು. ಬೆನ್ನಿಗೇ ಕರ್ನಾಟಕ ಸರ್ಕಾರ ಇನ್ನೂ 7 ರೂಪಾಯಿ. ನಾವೆಲ್ಲ ಖುಷಿಪಟ್ಟೆವು, ನಾನೂ ಸೇರಿ. ಆದರೆ ಹಬ್ಬಕ್ಕೆಂದು ಟ್ಯಾಂಕ್ ತುಂಬಿಸಿಕೊಂಡು 10,000 ಲೀಟರ್ ಇಟ್ಟಿದ್ದವರಿಗೆ ಕಡಿಮೆ ಅಂದರೂ 1,70,000 ರೂಪಾಯಿ ಕೈಬಿಟ್ಟಿತು. ಆ ಮಾಲಿಗೆ ಅವರು ಹಳೇ ತೆರಿಗೆ ಕಟ್ಟಿಯಾಗಿತ್ತು.

ದರ ಏರಿದಾಗ ಅವರಿಗೆ ಲಾಭ ಬರುವುದಿಲ್ಲವಾ ಅಂತ ಕೇಳಬಹುದು. ಬರುತ್ತದೆ. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಹೆಚ್ಚಿ ಲೀಟರಿಗೆ ಸುಮಾರು 3 ರೂಪಾಯಿ ಏರಿದಾಗಲೂ ಬಂತು. ಆದರೆ ಏರಿಕೆ ಸಾಮಾನ್ಯವಾಗಿ ಪೈಸೆ ಲೆಕ್ಕದಲ್ಲಿ, ತೆರಿಗೆ ಇಳಿಕೆ ಒಂದೇ ಏಟಿಗೆ. ಕಂಪನಿ ಡೀಲರ್‌ಗೆ ಕೊಡುವ ಕಮಿಷನ್ನಿನ ಕಥೆಯೂ ಅಷ್ಟೇ. 2017ರಲ್ಲಿ ಏರಿದ್ದು ಮತ್ತೆ ಏರಲು 2024ರ ಅಕ್ಟೋಬರ್ ಬರಬೇಕಾಯಿತು. ನಡುವೆ, 2022ರ ಮೇ 31ರಂದು ಹಲವು ರಾಜ್ಯಗಳ ಡೀಲರ್‌ಗಳು ಒಂದು ದಿನ ಲೋಡ್ ಎತ್ತದೆ ಪ್ರತಿಭಟನೆ ಮಾಡಿದರು.

ನನ್ನ ಪ್ರಕಾರ, ಸರ್ಕಾರ ತೆರಿಗೆ ಇಳಿಸಿದ ದಿನ ಟ್ಯಾಂಕಿನಲ್ಲಿ ಉಳಿದ ಮಾಲಿನ ನಷ್ಟವನ್ನು ಸರ್ಕಾರವೇ ತುಂಬಿಕೊಡಬೇಕು. ಏರಿಸಿದ ದಿನದ ಲಾಭವನ್ನು ಬೇಕಾದರೆ ವಾಪಸ್ ತಗೊಳ್ಳಲಿ. ದಿನಾ ಬೆಳಿಗ್ಗೆ ಡಿಪ್ ಲೆಕ್ಕ ಬರೆದಿಡುತ್ತಾರೆ, ಹಾಗಾಗಿ ಇದೇನು ಕಷ್ಟದ ಕೆಲಸ ಅಲ್ಲ.

ಅಳತೆಯಲ್ಲಿ ಮೋಸ ಮಾಡುವವರ ಪರ ನಾನು ಮಾತಾಡುತ್ತಿಲ್ಲ. ಅನುಮಾನ ಬಂದರೆ 5 ಲೀಟರ್ ಅಳತೆ ಪಾತ್ರೆ ಕೇಳಿ, ನಿಮ್ಮೆದುರೇ ತುಂಬಿಸಿ ತೋರಿಸಬೇಕು. 25 ಮಿಲಿಲೀಟರ್‌ಗಿಂತ ಜಾಸ್ತಿ ಕೊರತೆ ಬಂದರೆ ಬಿಡಬೇಡಿ, ಅಳತೆ ಮತ್ತು ತೂಕದ ಇಲಾಖೆಗೆ ದೂರು ಕೊಡಿ.